ಅಲೆಸ್ಸಾಂಡ್ರೊ ವೋಲ್ಟಾ

ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಂತಹ ಯಾವುದೇ ಸ್ಥಳದಲ್ಲಿ ಕಾರ್ಖಾನೆಯೊಂದನ್ನು ಹೊಕ್ಕು ನೋಡಿದರೆ, ಯಂತ್ರಗಳನ್ನು ತಿರುಗಿಸುವ ಮೋಟಾರುಗಳ ಮೈಮೇಲೆ ಲೋಹದ ಚಿಕ್ಕ ಫಲಕವೊಂದು ಕಾಣುತ್ತದೆ. ಅದರ ಮೇಲೆ 415 ವೋಲ್ಟ್ ಎಂದು ಬರೆದಿರುವುದುಂಟು. ಮನೆಯ ದೀಪಕ್ಕೆ ಬೇಕಾದುದು 230 ವೋಲ್ಟ್. ಟಾರ್ಚಿನ ಸೆಲ್ಲಿಗೆ ಇರುವುದು ಒಂದೂವರೆ ವೋಲ್ಟ್. ದಿನನಿತ್ಯವೂ ನಮ್ಮ ಬಾಯಲ್ಲಿ ಬರುವ ಈ ಮಾತು ಒಬ್ಬ ಮನುಷ್ಯನ ಹೆಸರಿನಿಂದ ಹುಟ್ಟಿತೆಂಬುದನ್ನು ನೆನೆಯುವವರು ವಿರಳ. ಆ ಮನುಷ್ಯನೇ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ.

ವೋಲ್ಟ್ ಎಂಬುದು ಯಾವುದರ ಅಳತೆ? ಶಿವನಸಮುದ್ರದ ಬಳಿ ಕಾವೇರಿ ಎತ್ತರದಿಂದ ತಗ್ಗಿಗೆ ಧುಮುಕುತ್ತದೆ. ಮೇಲಿನ ನೀರು ನಿಶ್ಚಲವಾಗಿ ನಿಂತಿದ್ದರೂ ಅದರಲ್ಲಿ ಒಂದು ಶಕ್ತಿ ಅಡಗಿರುತ್ತದೆ. ಕೆಳಗಿಳಿಯಲು ದಾರಿ ದೊರೆತೊಡನೆ ಆ ಶಕ್ತಿ ಪ್ರಕಟವಾಗುತ್ತದೆ. ಇದನ್ನೇ ಪ್ರಚ್ಛನ್ನ ಶಕ್ತಿ ಎನ್ನುತ್ತಾರೆ. 1902ರಲ್ಲಿ ಈ ಶಕ್ತಿಯಿಂದಲೇ ವಿದ್ಯುತ್ತನ್ನು ಉತ್ಪಾದಿಸಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯಲಾಯಿತು. ನೀರಿಗೆ ಎತ್ತರ ತಗ್ಗುಗಳಿರುವಂತೆ ವಿದ್ಯುತ್ತಿಗೂ ಒಂದು ಬಗೆಯ ಎತ್ತರ ತಗ್ಗುಗಳಿವೆ. ಆ ಎತ್ತರಕ್ಕೆ ವಿಭವವೆಂದೂ, ಎರಡು ಎಡೆಗಳ ಎತ್ತರದ ವ್ಯತ್ಯಾಸಕ್ಕೆ ವಿಭವಾಂತರವೆಂದೂ ಹೆಸರು. ಈ ವ್ಯತ್ಯಾಸವನ್ನು ತಿಳಿಯುವುದರಲ್ಲಿಯೂ, ಅದನ್ನು ಎಡೆಬಿಡದೆ ಕಾಯ್ದುಕೊಳ್ಳುವ ಸಾಧನವನ್ನು ರಚಿಸುವುದರಲ್ಲಿಯೂ ವೋಲ್ಟಾನ ಜೀವಿತವು ಸವೆಯಿತು.

ವೋಲ್ಟಾ 1745ನೆಯ ಇಸವಿ ಫೆಬ್ರುವರಿ 18ರಂದು ಉತ್ತರ ಇಟಲಿಯ ಕೋಮೊ ಎಂಬ ಊರಿನಲ್ಲಿ ಜನಿಸಿದನು. ಆತನದು ಪ್ರತಿಷ್ಠಿತ ಮನೆತನವಾದರೂ ಸಂಪತ್ತು ಕರಗಿಹೋಗಿತ್ತು. ಮಗುವಿಗೆ ನಾಲ್ಕು ವರ್ಷ ತುಂಬುವವರೆಗೆ ಮಾತೇ ಬರಲಿಲ್ಲವೆಂದು ಹೇಳುತ್ತಾರೆ. ಇವನು ಮಂದಬುದ್ಧಿಯವನೇನೋ ಎಂದು ಮನೆಯವರು ಕೊರಗಿದರು. ಆದರೆ ಮಾತು ಬಂದ ಮೇಲೆ ಅವನು ತನ್ನ ಓರಗೆಯ ಮಕ್ಕಳನ್ನು ಬೇಗನೆ ಮೀರಿಸಿದನು. ಚಿಕ್ಕವನಿರುವಾಗಲೇ ತಂದೆ ತೀರಿಕೊಂಡುದರಿಂದ ಅವನ ವಿದ್ಯಾಭ್ಯಾಸದ ಹೊಣೆ ಬಂಧುಗಳ ಮೇಲೆ ಬಿದ್ದಿತು. ಅವನು ಪಾದ್ರಿಯಾಗಲಿ ಎಂದು ಗುರುಗಳೂ, ವಕೀಲನಾಗಲಿ ಎಂದು ಬಂಧುಗಳೂ ಬಯಸಿದರು. ಹುಡುಗನ ಮನಸ್ಸಾದರೋ ವಿದ್ಯುತ್ತಿನ ಕಡೆಗೆ ಹರಿದಿತ್ತು. ವಿಶ್ವವಿದ್ಯಾಲಯದ ಪದವಿಯಿಲ್ಲದೆ, ಪುಸ್ತಕಗಳನ್ನೋದಿ, ತನ್ನ ಕೈಯಾರೆ ಪ್ರಯೋಗಗಳನ್ನು ಮಾಡಿ, ಯುರೋಪಿನ ವಿದ್ವಾಂಸರೊಡನೆ ಪತ್ರವ್ಯವಹಾರ ನಡೆಸಿ ಆತನು ಜ್ಞಾನವನ್ನು ಸಂಪಾದಿಸಿದನು.

1775ರಲ್ಲಿ ಆತನು ಎಲೆಕ್ಟ್ರೋಫೋರಸ್ ಎಂಬ ಉಪಕರಣವನ್ನು ಬಳಕೆಗೆ ತಂದನು. ಒಮ್ಮೆ ಉಜ್ಜಿ ವಿದ್ಯುದಾವೇಶ ನೀಡಿದರೆ, ಅದರಿಂದ ಮತ್ತೆ ಮತ್ತೆ ಆವೇಶವನ್ನು ಪಡೆಯಬಹುದಾಗಿತ್ತು. ಮರುವರ್ಷ ಸರೋವರವೊಂದರ ಕೆಸರಿನಿಂದ ಮೇಲೇಳುವ ಗುಳ್ಳೆಗಳನ್ನು ಹಿಡಿದು, ಅವು ಉರಿಯುವ ಅನಿಲವೆಂದು ತೋರಿಸಿದನು. ಅದೇ ಇಂದಿನ ಮೀಥೇನ್. ಈ ಕೀರ್ತಿಯಿಂದ ಪವಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿ ಅವನನ್ನು ಅರಸಿಕೊಂಡು ಬಂದಿತು. ಅಲ್ಲಿ ಆತನು ಒಂದು ಮುಖ್ಯ ತತ್ತ್ವವನ್ನು ಮನಗಂಡನು. ಒಂದೇ ಕೊಡದ ನೀರನ್ನು ಅಗಲವಾದ ಹರಿವಾಣಕ್ಕೆ ಸುರಿದರೆ ಅದರ ಮಟ್ಟ ತಗ್ಗಿನಲ್ಲಿರುತ್ತದೆ. ಕಿರಿದಾದ ಕೊಳವೆಗೆ ಸುರಿದರೆ ಮೇಲಕ್ಕೇರುತ್ತದೆ. ಹಾಗೆಯೇ ಒಂದು ವಸ್ತುವಿನಲ್ಲಿರುವ ವಿದ್ಯುತ್ತಿನ ಪ್ರಮಾಣ ಬೇರೆ, ಅದರ ಮಟ್ಟ ಬೇರೆ. ಈ ಮಟ್ಟವನ್ನು ಆತನು ಬಿಗುವೆಂಬ ಅರ್ಥದ ಮಾತಿನಿಂದ ಕರೆದನು. ಭೌತವಿಜ್ಞಾನದಲ್ಲಿ ವಿಭವದ ಕಲ್ಪನೆಗೆ ಇದು ಒಂದು ಅಡಿಗಲ್ಲು.

ಇಷ್ಟರಲ್ಲಿ ಬೊಲೋನ ನಗರದಿಂದ ಒಂದು ಸೋಜಿಗದ ಸುದ್ದಿ ಬಂದಿತು. ಅಲ್ಲಿ ಲುಯಿಜಿ ಗ್ಯಾಲ್ವನಿ ಎಂಬ ಅಂಗರಚನಾಶಾಸ್ತ್ರಜ್ಞನಿದ್ದನು. ಸತ್ತ ಕಪ್ಪೆಯ ಕಾಲಿನ ನರಕ್ಕೂ ಸ್ನಾಯುವಿಗೂ ಎರಡು ಬಗೆಯ ಲೋಹಗಳನ್ನು ಮುಟ್ಟಿಸಿ, ಆ ಲೋಹಗಳನ್ನು ಒಂದಕ್ಕೊಂದು ತಾಗಿಸಿದರೆ ಕಾಲು ಥಟ್ಟನೆ ಅದಿರುವುದನ್ನು ಅವನು ಕಂಡಿದ್ದನು. ಪ್ರಾಣಿಗಳ ದೇಹದಲ್ಲಿಯೇ ಒಂದು ವಿಶಿಷ್ಟ ವಿದ್ಯುತ್ತಿದೆಯೆಂದು ಅವನು 1791ರಲ್ಲಿ ಪ್ರಕಟಿಸಿದನು. ವೋಲ್ಟಾ ಆ ಪ್ರಯೋಗಗಳನ್ನು ತಾನೂ ಮಾಡಿ ನೋಡಿ ಮೊದಲು ಮೆಚ್ಚಿಕೊಂಡನು. ಆಮೇಲೆ ಅವನಲ್ಲಿ ಸಂಶಯ ಮೂಡಿತು. ಲೋಹಗಳೆರಡೂ ಬೇರೆ ಬೇರೆಯಾಗಿದ್ದರೆ ಕಾಲು ಚೆನ್ನಾಗಿ ಅದಿರುತ್ತಿತ್ತು. ಒಂದೇ ಲೋಹವಾದರೆ ಅದಿರುವುದು ಅಪರೂಪ. ಹಾಗಾದರೆ ವಿದ್ಯುತ್ತಿನ ಮೂಲ ಕಪ್ಪೆಯಲ್ಲಿದೆಯೋ ಲೋಹಗಳಲ್ಲಿದೆಯೋ? ಆತನು ತನ್ನ ನಾಲಗೆಯನ್ನೇ ಉಪಕರಣವಾಗಿಸಿಕೊಂಡನು. ನಾಲಗೆಯ ತುದಿಯಲ್ಲಿ ತವರದ ತೆಳುಹಾಳೆ, ಅದರ ಹಿಂಭಾಗದಲ್ಲಿ ಬೆಳ್ಳಿಯ ನಾಣ್ಯವನ್ನಿರಿಸಿ ಎರಡನ್ನೂ ಕೂಡಿಸಿದಾಗ ಹುಳಿಯ ರುಚಿ ತೋರಿತು. ಕಪ್ಪೆಯು ವಿದ್ಯುತ್ತನ್ನು ಹುಟ್ಟಿಸುತ್ತಿಲ್ಲ, ಸೂಕ್ಷ್ಮವಾದ ಮಾಪಕದಂತೆ ಅದನ್ನು ತೋರಿಸುತ್ತಿದೆ ಅಷ್ಟೆ ಎಂದು ಆತನು ಸಾರಿದನು.

ವಿದ್ವಾಂಸರಲ್ಲಿ ಎರಡು ಪಕ್ಷಗಳಾದವು. ಗ್ಯಾಲ್ವನಿಯ ಪಕ್ಷದವರು ಲೋಹವನ್ನೇ ಬಳಸದೆ, ಕಪ್ಪೆಯ ನರವನ್ನು ನೇರವಾಗಿ ಅದರ ಸ್ನಾಯುವಿಗೆ ಮುಟ್ಟಿಸಿ ಕಾಲು ಅದಿರುವಂತೆ ಮಾಡಿ ತೋರಿಸಿದರು. ಇದಕ್ಕೆ ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಕಪ್ಪೆಯನ್ನು ಸಂಪೂರ್ಣವಾಗಿ ಬಿಟ್ಟುಕೊಟ್ಟು ವಿದ್ಯುತ್ತನ್ನು ಹುಟ್ಟಿಸಿ ತೋರಿಸಿದರೆ ಮಾತ್ರ ತನ್ನ ವಾದ ನಿಲ್ಲುವುದೆಂದು ವೋಲ್ಟಾ ಅರಿತನು. ಇತ್ತ ಗ್ಯಾಲ್ವನಿಯ ಬಾಳು ಕಷ್ಟಕ್ಕೆ ಸಿಲುಕಿತು. ನೆಪೋಲಿಯನ್ನನ ವಿಜಯದಿಂದ ಏರ್ಪಟ್ಟ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಲು ಅವನ ಮನಸ್ಸಾಕ್ಷಿ ಒಪ್ಪಲಿಲ್ಲ. ಅದರಿಂದ ಅವನು ಪದವಿಯನ್ನು ಕಳೆದುಕೊಂಡನು. 1798ರ ಡಿಸೆಂಬರಿನಲ್ಲಿ, ವಾದವು ಇತ್ಯರ್ಥವಾಗುವ ಮೊದಲೇ, ಅವನು ಕಣ್ಣುಮುಚ್ಚಿದನು.

ಅನಂತರ ಎರಡು ವರ್ಷಗಳೊಳಗೆ ವೋಲ್ಟಾನ ಪರಿಶ್ರಮ ಫಲಿಸಿತು. ಬೆಳ್ಳಿಯ ಬಿಲ್ಲೆ, ಅದರ ಮೇಲೆ ಸತುವಿನ ಬಿಲ್ಲೆ, ಅದರ ಮೇಲೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು. ಮತ್ತೆ ಬೆಳ್ಳಿ, ಸತು, ರಟ್ಟು. ಹೀಗೆ ಹತ್ತಾರು ಜೋಡಿಗಳನ್ನು ಒಂದರ ಮೇಲೊಂದು ಒಟ್ಟಿ ಆತನು ಒಂದು ಕಂಬವನ್ನು ಕಟ್ಟಿದನು. ಒದ್ದೆ ಕೈಗಳಿಂದ ಅದರ ಎರಡು ತುದಿಗಳನ್ನು ಮುಟ್ಟಿದವರಿಗೆ ವಿದ್ಯುತ್ತಿನ ಹೊಡೆತ ತಾಗುತ್ತಿತ್ತು. ಒಮ್ಮೆ ಮಾತ್ರವಲ್ಲ, ಮುಟ್ಟಿದಾಗಲೆಲ್ಲ. ಒಂದೊಂದು ಜೋಡಿಯ ವಿಭವಾಂತರವು ಅಲ್ಪವೇ. ಆದರೆ ಮೆಟ್ಟಿಲ ಮೇಲೆ ಮೆಟ್ಟಿಲನ್ನಿಟ್ಟಂತೆ ಅವೆಲ್ಲ ಕೂಡಿ ದೊಡ್ಡ ಎತ್ತರವಾಗುತ್ತಿದ್ದವು. ಪ್ರಪಂಚದ ಮೊದಲ ವಿದ್ಯುತ್ ಬ್ಯಾಟರಿ ಇದೇ. 1800ನೆಯ ಇಸವಿ ಮಾರ್ಚ್ 20ರಂದು ವೋಲ್ಟಾ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸನಿಗೆ ಪತ್ರ ಬರೆದು ಇದನ್ನು ತಿಳಿಸಿದನು. ಹೊಡೆತ ನೀಡುವ ಟಾರ್ಪಿಡೊ ಮೀನಿನ ಅಂಗಕ್ಕೆ ತನ್ನ ಕಂಬವನ್ನು ಆತನು ಹೋಲಿಸಿದ್ದನು. ಪ್ರಾಣಿವಿದ್ಯುತ್ತನ್ನು ಅಲ್ಲಗಳೆದವನಿಗೆ ಪ್ರಾಣಿಯ ದೇಹವೇ ಮಾದರಿಯಾಗಿ ತೋರಿದ್ದು ಗಮನಾರ್ಹವಾಗಿದೆ.

ಆ ಪತ್ರದ ಪರಿಣಾಮವು ಕೂಡಲೇ ಕಾಣಿಸಿತು. ಅದೇ ವರ್ಷ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಇಂಗ್ಲಿಷರು ಇಂತಹ ಕಂಬವೊಂದರಿಂದ ನೀರನ್ನು ಜಲಜನಕ ಆಮ್ಲಜನಕಗಳಾಗಿ ಒಡೆದರು. 1807ರಲ್ಲಿ ಹಂಫ್ರಿ ಡೇವಿ ಬ್ಯಾಟರಿಯ ನೆರವಿನಿಂದ ಪೊಟ್ಯಾಸಿಯಂ, ಸೋಡಿಯಂ ಧಾತುಗಳನ್ನು ಬೇರ್ಪಡಿಸಿದನು. 1801ರಲ್ಲಿ ಪ್ಯಾರಿಸಿನಲ್ಲಿ ನೆಪೋಲಿಯನ್ನನೇ ಎದುರು ಕುಳಿತು ವೋಲ್ಟಾನ ಪ್ರಯೋಗಗಳನ್ನು ನೋಡಿ ಆತನನ್ನು ಸನ್ಮಾನಿಸಿದನು. ಮುಂದೆ ಅವನಿಗೆ ಕೌಂಟ್ ಎಂಬ ಬಿರುದೂ ದೊರೆಯಿತು. ಯಾವ ಅಧಿಕಾರಕ್ಕೆ ತಲೆಬಾಗದೆ ಗ್ಯಾಲ್ವನಿ ಎಲ್ಲವನ್ನೂ ಕಳೆದುಕೊಂಡನೋ, ಅದೇ ಅಧಿಕಾರದಿಂದ ವೋಲ್ಟಾನಿಗೆ ಗೌರವ ಸಂದಿತು.

ಆದರೆ ಸತ್ಯವು ಪೂರ್ಣವಾಗಿ ಯಾರೊಬ್ಬರ ಪಾಲಿಗೂ ಬರಲಿಲ್ಲ. ಲೋಹಗಳು ಒಂದನ್ನೊಂದು ಮುಟ್ಟಿದ ಮಾತ್ರದಿಂದಲೇ ವಿದ್ಯುತ್ತು ನಿರಂತರವಾಗಿ ಹರಿಯುವುದೆಂದು ವೋಲ್ಟಾ ಕೊನೆಯವರೆಗೂ ನಂಬಿದ್ದನು. ಇದು ತಪ್ಪಾಗಿತ್ತು. ಉಪ್ಪುನೀರಿನ ಸಂಪರ್ಕದಲ್ಲಿ ಸತುವು ಮೆಲ್ಲಮೆಲ್ಲನೆ ಕರಗಿ ಸವೆಯುತ್ತದೆ. ಅದರಲ್ಲಿ ರಾಸಾಯನಿಕವಾಗಿ ಅಡಗಿದ್ದ ಶಕ್ತಿಯೇ ವಿದ್ಯುತ್ತಾಗಿ ಹೊಮ್ಮುತ್ತದೆ. ಸತು ತೀರಿದರೆ ಬ್ಯಾಟರಿಯೂ ತೀರಿತು. ಇದನ್ನು ಮೈಕೇಲ್ ಫ್ಯಾರಡೆ ಮೊದಲಾದ ಮುಂದಿನವರು ಸ್ಪಷ್ಟಪಡಿಸಿದರು. ಇತ್ತ ಗ್ಯಾಲ್ವನಿಯ ಮಾತಿನಲ್ಲಿಯೂ ಸತ್ಯವಿದ್ದಿತು. ಪ್ರತಿಯೊಂದು ನರಕೋಶದ ಒಳಗೂ ಹೊರಗೂ ಇರುವ ಪೊಟ್ಯಾಸಿಯಂ, ಸೋಡಿಯಂ ಅಯಾನುಗಳ ಪ್ರಮಾಣ ಬೇರೆ ಬೇರೆ. ಅದರಿಂದ ಕೋಶದ ತೆಳುಪೊರೆಯ ಎರಡು ಬದಿಗಳ ನಡುವೆ ಸುಮಾರು 0.07 ವೋಲ್ಟಿನ ವಿಭವಾಂತರವಿರುತ್ತದೆ. ಈ ವಿಭವಾಂತರವು ಕ್ಷಣಮಾತ್ರ ಏರುಪೇರಾಗಿ ಅಲೆಯಂತೆ ಸಾಗುವುದರಿಂದಲೇ ನಾವು ಕೈಯೆತ್ತುತ್ತೇವೆ, ನೋವನ್ನು ತಿಳಿಯುತ್ತೇವೆ. ಆಸ್ಪತ್ರೆಯಲ್ಲಿ ತೆಗೆಯುವ ಇ.ಸಿ.ಜಿ. ಎಂಬುದು ಹೃದಯದ ವಿಭವಾಂತರಗಳ ರೇಖಾಚಿತ್ರವಲ್ಲದೆ ಬೇರೆಯಲ್ಲ.

ಹೀಗೆ ಬೆಟ್ಟದ ಮೇಲಿನ ನೀರು, ಬ್ಯಾಟರಿಯೊಳಗಿನ ಸತು, ದೇಹದೊಳಗಿನ ನರ ಇವು ಮೂರೂ ಒಂದೇ ನಿಯಮವನ್ನು ಹೇಳುತ್ತವೆ. ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ಹರಿವು ಸಾಧ್ಯ; ವ್ಯತ್ಯಾಸ ಅಳಿದರೆ ಹರಿವೂ ನಿಲ್ಲುತ್ತದೆ.

ವೋಲ್ಟಾ 1819ರಲ್ಲಿ ನಿವೃತ್ತನಾಗಿ ಹುಟ್ಟೂರಿನ ಕಡೆಗೆ ಮರಳಿದನು. ಹೆಂಡತಿ ಮಕ್ಕಳೊಡನೆ ಸರಳವಾಗಿ ಬಾಳಿ, 1827ರ ಮಾರ್ಚ್ 5ರಂದು ತೀರಿಕೊಂಡನು. 1881ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ವಿಭವಾಂತರದ ಮಾನಕ್ಕೆ ವೋಲ್ಟ್ ಎಂಬ ಹೆಸರನ್ನು ಅಂಗೀಕರಿಸಿತು. 2019ರಲ್ಲಿ ವಿಜ್ಞಾನಿಗಳು ಅಮೆಜಾನ್ ಪ್ರದೇಶದ ವಿದ್ಯುನ್ಮೀನಿನ ಹೊಸ ಪ್ರಭೇದವೊಂದನ್ನು ಗುರುತಿಸಿದರು. ಅದು 860 ವೋಲ್ಟಿನವರೆಗೆ ಹೊಡೆತ ನೀಡಬಲ್ಲುದು. ಜೀವಿಗಳಲ್ಲಿ ಅಷ್ಟು ಹೆಚ್ಚಿನ ವಿಭವಾಂತರ ಬೇರೆಲ್ಲಿಯೂ ದಾಖಲಾಗಿರಲಿಲ್ಲ. ಅದಕ್ಕೆ ಅವರು ಇಟ್ಟ ಹೆಸರು ಎಲೆಕ್ಟ್ರೋಫೋರಸ್ ವೋಲ್ಟಾಯ್. ಪ್ರಾಣಿಯಲ್ಲಿ ವಿದ್ಯುತ್ತಿದೆಯೆಂಬ ವಾದವನ್ನು ಎದುರಿಸಿದವನ ಹೆಸರು ಕೊನೆಗೆ ಒಂದು ಪ್ರಾಣಿಗೇ ನಿಂತಿತು.

ನಾಲ್ಕು ವರ್ಷವಾದರೂ ಮಾತನಾಡದ ಮಗುವಿನಲ್ಲಿ ಇಂತಹ ಶಕ್ತಿ ಅಡಗಿದೆಯೆಂದು ಅಂದು ಯಾರೂ ಎಣಿಸಿರಲಿಲ್ಲ. ಅಡಗಿರುವುದು ಕಾಣದೆಂಬ ಕಾರಣಕ್ಕೆ ಅದು ಇಲ್ಲವೆನ್ನಲಾಗದು. ನಿಂತ ನೀರಿನಂತೆ ಅದಕ್ಕೂ ಹರಿಯಲು ದಾರಿ ಬೇಕು. ಆ ದಾರಿಯನ್ನು ವೋಲ್ಟಾ ದುಡಿಮೆಯಿಂದ ತಾನೇ ತೋಡಿಕೊಂಡನು.