ಮಸುಕು ಬಿಯರಿಗೂ ನ್ಯಾಯ ಕೊಡಿಸಿದ ಮೈಕೆಲ್ ಜಾಕ್ಸನ್

ಮೈಕೆಲ್ ಜಾಕ್ಸನ್ ಎಂದೊಡನೆ ನೆನಪಿಗೆ ಬರುವವರು ಅಮೆರಿಕದ ಪಾಪ್ ಗಾಯಕ. ಆದರೆ ಅದೇ ಹೆಸರಿನ ಇನ್ನೊಬ್ಬರು ಇಂಗ್ಲೆಂಡಿನಲ್ಲಿದ್ದರು. ಅವರು ಹಾಡಿದವರಲ್ಲ, ಕುಣಿದವರೂ ಅಲ್ಲ. ಊರೂರು ಸುತ್ತಿ ಬಿಯರ್ ರುಚಿ ನೋಡಿ, ಅದರ ಗುಣದೋಷ ಬರೆದೇ ಜಗತ್ಪ್ರಸಿದ್ಧರಾದವರು.

1942ರ ಮಾರ್ಚ್ 27ರಂದು ಯಾರ್ಕ್‌ಶೈರ್‌ನಲ್ಲಿ ಜಾಕ್ಸನ್ ಜನನ. ತಂದೆ ಲಿಥುವೇನಿಯಾ ಮೂಲದ ಯಹೂದಿ. ಮನೆಯಲ್ಲಿ ಬಡತನವಿತ್ತು. 16ನೇ ವಯಸ್ಸಿಗೆ ಶಾಲೆ ಬಿಟ್ಟ ಹುಡುಗ ಹಡರ್ಸ್‌ಫೀಲ್ಡ್‌ನ ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರನಾಗಿ ಸೇರಿದ. ಮುಂದೆ ಲಂಡನ್ನಿನಲ್ಲಿ ಜಾಹೀರಾತು ಕ್ಷೇತ್ರದ ಪತ್ರಿಕೆಯೊಂದರ ಸಂಪಾದಕರೂ ಆದರು. 1969ರಲ್ಲಿ ಕೆಲಸದ ಮೇಲೆ ನೆದರ್ಲೆಂಡ್ಸ್‌ಗೆ ಹೋದಾಗ ಬೆಲ್ಜಿಯಂನ ಸನ್ಯಾಸಿ ಮಠಗಳಲ್ಲಿ ತಯಾರಾಗುವ ಬಿಯರಿನ ರುಚಿ ಕಂಡರು. ಬದುಕಿನ ದಾರಿ ಅಲ್ಲಿಂದಲೇ ತಿರುಗಿತು.

1977ರಲ್ಲಿ ಅವರ ವಿಶ್ವ ಬಿಯರ್ ಕೈಪಿಡಿ ಪ್ರಕಟವಾಯಿತು. ಅದುವರೆಗೆ ಹೆಚ್ಚಿನವರಿಗೆ ಬಿಯರ್ ಎಂದರೆ ತಣ್ಣಗಿನ, ಹೊಂಬಣ್ಣದ, ಗಾಜಿನಂತೆ ತಿಳಿಯಾದ ಪಾನೀಯ. ಬಿಯರಿನಲ್ಲೂ ಹಲವು ಜಾತಿಗಳಿವೆ, ಪ್ರತಿಯೊಂದಕ್ಕೂ ತನ್ನದೇ ಊರು, ತನ್ನದೇ ಪದ್ಧತಿ ಇದೆ ಎಂದು ಜಾಕ್ಸನ್ ವಿಂಗಡಿಸಿ ತೋರಿಸಿದರು. ಯಾವುದೇ ಬಿಯರನ್ನು ಅದರ ಜಾತಿಯ ಲಕ್ಷಣ ನೋಡಿಯೇ ಅಳೆಯಬೇಕು ಎಂಬುದು ಅವರ ಬರಹಗಳ ಸಾರ. ಇಂದಿನ ಬಿಯರ್ ಸ್ಪರ್ಧೆಗಳು ನಡೆಯುತ್ತಿರುವುದೂ ಇದೇ ತಳಹದಿಯ ಮೇಲೆ.

ಈ ಮಾತಿನ ಮಹತ್ವ ತಿಳಿಯುವುದು ಮಸುಕು ಬಿಯರಿನ ವಿಷಯದಲ್ಲಿ. ಕದಡಿದ ನೀರಿನಂತೆ ಕಾಣುವ ಬಿಯರ್ ಕೆಟ್ಟದ್ದು ಎಂಬ ಭಾವನೆ ಬಲವಾಗಿತ್ತು. ಬೆಲ್ಜಿಯಂನ ಹೂಗಾರ್ಡನ್ ಎಂಬ ಊರಿನಲ್ಲಿ ಗೋಧಿ, ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕಿ ತಯಾರಿಸುತ್ತಿದ್ದ ಮಸುಕಾದ ಬಿಳಿ ಬಿಯರ್ 1950ರ ದಶಕದಲ್ಲಿ ನಿಂತೇ ಹೋಗಿತ್ತು. ಹಾಲು ಮಾರುತ್ತಿದ್ದ ಪಿಯೆರ್ ಸೆಲಿಸ್ 1966ರಲ್ಲಿ ಅದಕ್ಕೆ ಮರುಜೀವ ಕೊಟ್ಟರು. ಬೆಲ್ಜಿಯಂನ ಇಂತಹ ಬಿಯರುಗಳನ್ನು ಹೊರ ಜಗತ್ತಿಗೆ ಪರಿಚಯಿಸಿದವರಲ್ಲಿ ಜಾಕ್ಸನ್ ಪ್ರಮುಖರು. 1994ರಲ್ಲಿ ಬೆಲ್ಜಿಯಂ ಅವರನ್ನು ಪ್ರಶಸ್ತಿ ನೀಡಿ ಗೌರವಿಸಿತು.

ಮಸುಕಿನ ಗುಟ್ಟು ಕಾಸರಗೋಡಿನವರಿಗೆ ಹೊಸತಲ್ಲ. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸವನ್ನು ಹಾಗೆಯೇ ಬಿಟ್ಟರೆ ಹುದುಗು ಹಿಡಿದು ಬೆಳ್ಳಗೆ ಕದಡುತ್ತದೆ, ಕಳ್ಳಾಗುತ್ತದೆ. ಅದೇ ರಸವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಳಿಸಿದರೆ ಜೇನು ಬಣ್ಣದಲ್ಲಿ ತಿಳಿಯಾಗಿ ಉಳಿಯುತ್ತದೆ. ಕಾಸರಗೋಡಿನ ಸಿಪಿಸಿಆರ್‌ಐ ಈ ವಿಧಾನದಿಂದ ರೂಪಿಸಿದ ಪಾನೀಯವೇ ಕಲ್ಪರಸ. ಕಲ್ಪರಸದಲ್ಲಿ ಮಸುಕು ಕಂಡರೆ ದೋಷ, ಕಳ್ಳಿನಲ್ಲಿ ಅದೇ ಸಹಜ ಗುಣ. ಬಿಯರಿನಲ್ಲೂ ಹಾಗೆಯೇ. ತಿಳಿಯಾಗಿರಬೇಕಾದ ಲಾಗರ್ ಕದಡಿದ್ದರೆ ಅಂಕ ಕಡಿತ. ಗೋಧಿ ಬಿಯರಿನಲ್ಲಿ ಧಾನ್ಯದ ಪ್ರೋಟೀನು ಮತ್ತು ಯೀಸ್ಟಿನಿಂದ ಬಂದ ಮಸುಕಾದರೆ ಅದು ಇರಲೇಬೇಕಾದ ಲಕ್ಷಣ.

ಹಾಗೆಂದು ಕದಡಿದ್ದೆಲ್ಲವೂ ಒಳ್ಳೆಯದಲ್ಲ. ತೀರ್ಪುಗಾರರು ಮೊದಲು ಬಣ್ಣ, ನೊರೆ ನೋಡುತ್ತಾರೆ. ಮಸುಕು ಲೋಟದುದ್ದಕ್ಕೂ ಒಂದೇ ಸಮ ಇರಬೇಕು, ಅಡಿಯಲ್ಲಿ ಗಸಿ ನಿಂತಿರಬಾರದು. ಆಮೇಲೆ ಪರಿಮಳ. ಹಣ್ಣಿನ, ಸಂಬಾರದ ವಾಸನೆ ಬರಬಹುದು. ಹಳಸಿದ ವಾಸನೆ ಬರಬಾರದು. ನಂತರ ಒಂದು ಗುಟುಕು. ಬಾಯಿಗೆ ಮೃದುವೇ, ಕಹಿ ಹದವಾಗಿದೆಯೇ, ನುಂಗಿದ ಮೇಲೆ ಯಾವ ರುಚಿ ಉಳಿಯುತ್ತದೆ ಎಂಬುದನ್ನು ಬರೆದಿಡುತ್ತಾರೆ. ತಯಾರಕರ ಹೆಸರು ತೀರ್ಪುಗಾರರಿಗೆ ತಿಳಿಸುವುದಿಲ್ಲ.

ಜಾಕ್ಸನ್ ಅವರ ಬಿಯರ್ ಬೇಟೆಗಾರ ಎಂಬ ಟಿವಿ ಸರಣಿ 1990ರ ಹೊತ್ತಿಗೆ ಹಲವು ದೇಶಗಳಲ್ಲಿ ಜನಪ್ರಿಯವಾಯಿತು. ಅಮೆರಿಕದ ಸಣ್ಣ ಬ್ರೂವರಿಗಳ ಚಳವಳಿಗೆ ಅವರ ಬರಹಗಳು ಪ್ರೇರಣೆಯಾದವು. ಮಾಲ್ಟ್ ವಿಸ್ಕಿಯ ಬಗ್ಗೆಯೂ ಅವರು ಬರೆದ ಪುಸ್ತಕ ಹೆಸರುವಾಸಿ.

ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿದರೂ ಅವರು ಅದನ್ನು ಹೊರಗೆ ಹೇಳಿರಲಿಲ್ಲ. ಕೈಕಾಲಿನ ನಡುಕ, ತೊದಲುವ ಮಾತು ಕಂಡವರು ಕುಡಿದಿದ್ದಾರೆಂದೇ ಭಾವಿಸಿದ್ದುಂಟು. ಬಿಯರ್ ಬರಹಗಾರನಿಗೆ ಇದಕ್ಕಿಂತ ದೊಡ್ಡ ಅಪವಾದವಿಲ್ಲ. 2006ರ ಡಿಸೆಂಬರಿನಲ್ಲಿ ಅವರು ಕಾಯಿಲೆಯ ವಿಷಯ ಬಹಿರಂಗಪಡಿಸಿದರು. 2007ರ ಆಗಸ್ಟ್ 30ರಂದು ಲಂಡನ್ನಿನ ಮನೆಯಲ್ಲಿ ನಿಧನರಾದರು. ಆಗ 65 ವರ್ಷ.

ಅವರು ಕಾಣದೆ ಹೋದ ಬೆಳವಣಿಗೆಯೊಂದಿದೆ. ಹಾಪ್ಸ್ ಹೂವು ಹೇರಳವಾಗಿ ಹಾಕಿ ಮಾಡುವ, ಹಣ್ಣಿನ ರಸದಂತೆ ಕಾಣುವ ಮಸುಕು ಐಪಿಎ ಬಿಯರ್ ಅಮೆರಿಕದ ವರ್ಮಾಂಟ್‌ನಿಂದ ಹೊರಟು ಜಗತ್ತಿಗೆ ಹಬ್ಬಿತು. 2018ರಲ್ಲಿ ಅಲ್ಲಿನ ಬ್ರೂವರ್ಸ್ ಅಸೋಸಿಯೇಷನ್ ಅದಕ್ಕೆ ಪ್ರತ್ಯೇಕ ವರ್ಗದ ಮಾನ್ಯತೆ ಕೊಟ್ಟಿತು. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಇಂದು ಮಸುಕಾದ ಗೋಧಿ ಬಿಯರ್ ಕೇಳಿ ಕುಡಿಯುವವರಿದ್ದಾರೆ. ಲೋಟ ಕದಡಿದೆಯೆಂದು ಯಾರೂ ವಾಪಸು ಕಳಿಸುವುದಿಲ್ಲ. ಹೊರಗಿನ ನೋಟ ಒಂದನ್ನೇ ನೋಡಿ ಬಿಯರಿಗೆ ತೀರ್ಪು ಕೊಡಬಾರದೆಂದು ಜೀವನವಿಡೀ ಬರೆದವರು ಜಾಕ್ಸನ್. ಅವರ ನಡುಗುವ ಕೈ ನೋಡಿದ ಜನ ಮಾತ್ರ ಅವರಿಗೆ ಕೊಟ್ಟದ್ದು ಅಂಥದೇ ತೀರ್ಪು.