ದಾಸರ ಪದಗಳನ್ನು ಅಚ್ಚು ಹಾಕಿಸಿದ ಪಾದ್ರಿ

ಉಡುಪಿಯ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ದಾಸರ ಪದಗಳನ್ನು ಪಾಠ ಮಾಡಿ ಕಲಿಸಬೇಕಾಗಿಲ್ಲ. ರಥಬೀದಿಯಲ್ಲಿ ಒಂದು ಸುತ್ತು ಬಂದರೆ ಯಾವುದಾದರೊಂದು ಜಗಲಿಯಿಂದ ಪದ ಕೇಳಿಬರುತ್ತದೆ. ಕಾಪುವಿನ ಕಡಲತೀರದ ಮೊಗವೀರ ಬಂಧುಗಳ ಭಜನಾಮಂದಿರಗಳಲ್ಲಿ ತಾಳ ಕೂಡಿಸಿ ಹಾಡುವುದು ಇವನ್ನೇ. ಪಡುತಿರುಪತಿಯೆಂದು ಹೆಸರಾದ ನಮ್ಮ ಕಾರ್ಕಳದ ವೆಂಕಟರಮಣ ದೇವಸ್ಥಾನದ ಭಜನೆಯಲ್ಲಿಯೂ ಇವೇ. ಇಷ್ಟಾದರೂ, ಬಾಯಿಂದ ಬಾಯಿಗೆ ಬಂದ ಈ ಪದಗಳು ಮೊತ್ತಮೊದಲು ಅಚ್ಚಾದ ಪುಸ್ತಕವಾದದ್ದು ಎಲ್ಲಿ, ಯಾರ ಕೈಯಿಂದ ಎಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಸುಮ್ಮನಾಗುತ್ತೇವೆ. ಆ ಕೆಲಸ ನಡೆದದ್ದು 1850ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಮಾಡಿಸಿದವರು ಒಬ್ಬ ಜರ್ಮನ್ ಪಾದ್ರಿ, ರೆವೆರೆಂಡ್ ಹೆರ್ಮನ್ ಮೊಗ್ಲಿಂಗರು.

ನಮ್ಮ ಊರುಗಳಲ್ಲಿ ಪಾದ್ರಿ ಎಂದೊಡನೆ ಇಂಗ್ಲೀಷರ ಪಾದ್ರಿ ಎಂದೇ ಭಾವಿಸುವ ರೂಢಿಯುಂಟು. ಕಂಪೆನಿ ಸರಕಾರದ ಸಂಬಳ ಪಡೆದು ಅಧಿಕಾರಿಗಳಿಗೂ ಸೈನಿಕರಿಗೂ ಆರಾಧನೆ ನಡೆಸುತ್ತಿದ್ದ ಆಂಗ್ಲಿಕನ್ ಗುರುಗಳು ಬೇರೆ. ಅವರಿಗೆ ಕನ್ನಡವಾಗಲಿ ತುಳುವಾಗಲಿ ಅಷ್ಟಾಗಿ ಬೇಕಾಗಿರಲಿಲ್ಲ. ಮೊಗ್ಲಿಂಗರು ಆ ಪಂಕ್ತಿಯವರಲ್ಲ. ಆದರೆ ಅವರು ಇಲ್ಲಿಗೆ ಬರಲು ಸಾಧ್ಯವಾದದ್ದು ಕಂಪೆನಿಯ ಆಳ್ವಿಕೆಯಿಂದಲೇ. 1833ರ ಶಾಸನವು ಬ್ರಿಟಿಷರಲ್ಲದ ಮಿಶನರಿಗಳಿಗೂ ಬಾಗಿಲು ತೆರೆಯಿತು. ಮರುವರ್ಷವೇ ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಸಂಘವು ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಅವರ ಹಿಂದೆ 1836ರಲ್ಲಿ ಬಂದವರು ಮೊಗ್ಲಿಂಗರು.

ಅವರ ಜನನ 1811ನೆಯ ಮೇ 29ರಂದು, ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬಲ್ಲಿ. ಟ್ಯುಬಿಂಗೆನ್ನಿನಲ್ಲಿ ದೇವಶಾಸ್ತ್ರ ಓದಿದರು. ಅಲ್ಲಿ ಅವರ ಗೆಳೆಯರಾಗಿದ್ದವರು ಹೆರ್ಮನ್ ಗುಂಡರ್ಟ್, ಅಂದರೆ ಮುಂದೆ ಮಲೆಯಾಳ ನಿಘಂಟನ್ನು ರಚಿಸಿ ಕೇರಳದಲ್ಲಿ ಮನೆಮಾತಾದವರು. ಒಂದೇ ವಿದ್ಯಾಪೀಠದ ಇಬ್ಬರು ಮಿತ್ರರು, ಒಬ್ಬರು ಚಂದ್ರಗಿರಿ ಹೊಳೆಯ ಆಚೆ, ಒಬ್ಬರು ಈಚೆ, ಎರಡು ಭಾಷೆಗಳಿಗಾಗಿ ದುಡಿದದ್ದು ನೆನೆದರೆ ಸೋಜಿಗವೆನಿಸುತ್ತದೆ.

ಮಂಗಳೂರಿನಲ್ಲಿ ಅವರು ಮೊದಲು ಹಿಡಿದದ್ದು ಶಾಲೆಯ ಕೆಲಸ. ಬಲ್ಮಠದ ಗುಡ್ಡದಲ್ಲಿ ಹುಡುಗರೊಂದಿಗೆ ಒಂದೇ ಮನೆಯಲ್ಲಿದ್ದು ಅವರಿಗೆ ಪಾಠ ಹೇಳಿದರು. 1841ರಲ್ಲಿ ಕಲ್ಲಚ್ಚಿನ ಯಂತ್ರ ಬಂದಿತು. ಚಪ್ಪಟೆ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಪ್ರತಿ ಪುಟವನ್ನೂ ಬರೆದು, ನೀರು ಸವರಿ, ಬಣ್ಣ ಹಚ್ಚಿ ಒತ್ತಿ ತೆಗೆಯಬೇಕು. ಮೊಳೆ ಜೋಡಿಸುವ ಅಚ್ಚಿಗಿಂತ ಇದು ತಾಳ್ಮೆಯ ಕೆಲಸ. ಈ ಕಲ್ಲಿನಿಂದಲೇ 1843ನೆಯ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಟಿತು, ಕನ್ನಡದ ಪ್ರಪ್ರಥಮ ವೃತ್ತಪತ್ರಿಕೆ. ಹದಿನೈದು ದಿನಗಳಿಗೊಮ್ಮೆ ಬರುತ್ತಿದ್ದ ಅದರಲ್ಲಿ ನಾಲ್ಕೇ ಪುಟ. ಬೆಲೆ ಒಂದು ದುಡ್ಡು. ಸುದ್ದಿ ಎಂದರೆ ಕಚೇರಿಯಲ್ಲಿ ಕೇಳಿದ್ದು ಅಥವಾ ಊರ ಕಟ್ಟೆಯಲ್ಲಿ ಹರಟಿದ್ದು ಎಂದಿದ್ದ ಕಾಲ. ಈ ಹೊತ್ತಿನ ಮಾತು ನಾಳೆ ಸುಳ್ಳಾಗುವ ಸ್ಥಿತಿ ತಪ್ಪಬೇಕು ಎಂಬುದು ಸಂಪಾದಕರ ಆಶಯವಾಗಿತ್ತು. ಊರ ವರ್ತಮಾನ, ಸರಕಾರದ ನಿರೂಪಗಳು, ಪರದೇಶದ ಸುದ್ದಿ, ನೀತಿಕಥೆಗಳ ನಡುವೆ ಪುರಂದರದಾಸರ ಪದಗಳಿಗೂ ಅದರಲ್ಲಿ ಸ್ಥಳವಿತ್ತು. ಎಂಟು ತಿಂಗಳೊಳಗೆ, 1844ರ ಫೆಬ್ರವರಿಯಲ್ಲಿ ಮಂಗಳೂರಿನ ಅಚ್ಚು ನಿಂತಿತು. ಮೊಳೆಯಚ್ಚು ದೊರೆಯುತ್ತಿದ್ದ ಬಳ್ಳಾರಿಗೆ ಹೋಗಿ ಪತ್ರಿಕೆಯು 'ಕನ್ನಡ ಸಮಾಚಾರ'ವಾಯಿತು. ಮಣಿಪಾಲದಲ್ಲಿ 1970ರಿಂದ ಅಚ್ಚಾಗುವ 'ಉದಯವಾಣಿ'ಯನ್ನು ಬೆಳಗಿನ ಕಾಫಿಯ ಜೊತೆಗೆ ತಿರುವಿಹಾಕುವ ನಾವು, ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಏಕೆ ಆಚರಿಸುತ್ತಾರೆಂಬುದನ್ನು ಒಮ್ಮೆ ನೆನೆಯಬಹುದು.

ಪತ್ರಿಕೆ ಇನ್ನೂ ಮಂಗಳೂರಿನಲ್ಲಿ ಅಚ್ಚಾಗುತ್ತಿದ್ದಾಗಲೇ ಇನ್ನೊಂದು ಘಟನೆ ನಡೆಯಿತು. 1844ನೆಯ ಜನವರಿ 6ರಂದು ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣರು ಮೊಗ್ಲಿಂಗರಿಂದ ಕ್ರೈಸ್ತದೀಕ್ಷೆ ಪಡೆದರು. ಊರಿನಲ್ಲಿ ಗದ್ದಲವೆದ್ದಿತು. ಕೌಂಡಿನ್ಯರ ಪತ್ನಿ ಲಕ್ಷ್ಮಿ ಅವರೊಡನೆ ಬಾಳಲು ಬರಲಿಲ್ಲ. ಆ ಮನೆಯವರ ದುಃಖವನ್ನು ಯಾವ ಮಿಶನ್ ವರದಿಯೂ ಪೂರ್ತಿಯಾಗಿ ಹೇಳಲಾರದು. ಮೊಗ್ಲಿಂಗರ ಜೀವನವನ್ನು ಬರೆಯುವವರು ಇದನ್ನು ದಾಟಿಹೋಗುವುದುಂಟು. ನನಗೆ ಅದು ಸರಿಕಾಣುವುದಿಲ್ಲ. ಅವರು ಇಲ್ಲಿಗೆ ಬಂದದ್ದು ಮತಪ್ರಚಾರಕ್ಕೆ. 'ಜಾತಿವಿಚಾರಣೆ', 'ದೇವವಿಚಾರಣೆ' ಎಂಬ ಅವರ ಹೊತ್ತಗೆಗಳು ನಮ್ಮ ನಂಬಿಕೆಗಳನ್ನು ಖಂಡಿಸಲೆಂದೇ ಬರೆದಂಥವು. ಆ ಉದ್ದೇಶವನ್ನು ಮರೆಸಿ ಅವರನ್ನು ಬರಿಯ ಕನ್ನಡಾಭಿಮಾನಿಯನ್ನಾಗಿ ಚಿತ್ರಿಸಿದರೆ ಅವರಿಗೂ ನ್ಯಾಯ ದೊರೆಯುವುದಿಲ್ಲ, ನಮಗೂ ದೊರೆಯುವುದಿಲ್ಲ.

ಆದರೆ ಆ ಮನುಷ್ಯರಲ್ಲಿ ಇನ್ನೊಂದು ಗುಣವಿತ್ತು. ದೀಕ್ಷೆ ಕೊಟ್ಟ ಮೇಲೆ ಶಿಷ್ಯನು ತನ್ನ ಸರಿಸಮಾನನೆಂದು ಅವರು ನಿಜವಾಗಿ ನಂಬಿದರು. 1846ರಲ್ಲಿ ಕೌಂಡಿನ್ಯರನ್ನು ಯೂರೋಪಿಗೆ ಕರೆದೊಯ್ದು ಬಾಸೆಲ್ಲಿನಲ್ಲಿ ಓದಿಸಿದರು. 1851ರಲ್ಲಿ ಕೌಂಡಿನ್ಯರು ಗುರುಪಟ್ಟ ಪಡೆದು ಹಿಂದಿರುಗಿದರು. ಬಾಸೆಲ್ ಮಿಶನ್ನಿನಲ್ಲಿ ಆ ಪಟ್ಟ ಪಡೆದ ಮೊದಲ ಭಾರತೀಯರು ಅವರೇ. ಬಿಳಿಯ ಪಾದ್ರಿಗಳೂ ಈ ನೆಲದ ಕ್ರೈಸ್ತರೂ ಒಂದೇ ಬಗೆಯ ಮನೆ, ಒಂದೇ ಬಗೆಯ ಊಟ, ಒಂದೇ ಬಗೆಯ ಖರ್ಚಿನಲ್ಲಿ ಸಹೋದರರಂತೆ ಬಾಳಬೇಕೆಂದು ಮೊಗ್ಲಿಂಗರು ಹಟಹಿಡಿದರು. ಜೊತೆಗಾರರಲ್ಲಿ ಅನೇಕರಿಗೆ ಇದು ರುಚಿಸಲಿಲ್ಲ. ಬಿಸಿಲಿನ ದೇಶ, ಹೆಂಡತಿ ಮಕ್ಕಳು, ಸಂಬಳದ ಲೆಕ್ಕ, ಬಿಳಿಯರೆಂಬ ಅಂತಸ್ತು ಎಲ್ಲವೂ ಅಡ್ಡ ಬಂದವು. ಜಾತಿಯನ್ನು ಖಂಡಿಸಿ ಪುಸ್ತಕ ಬರೆದವರಿಗೆ ತಮ್ಮ ಮನೆಯೊಳಗಿನ ಜಾತಿ ಎದುರಾಯಿತು ಎನ್ನಬೇಕು. ಅವರ ಯೋಜನೆ ನೆರವೇರಲಿಲ್ಲ.

ಇದೇ ವರ್ಷಗಳಲ್ಲಿ ಅವರ ಮೇಜಿನ ಮೇಲೆ ಕನ್ನಡದ ಓಲೆಗರಿಗಳೂ ಕಡತಗಳೂ ಬೆಳೆಯುತ್ತಿದ್ದವು. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಹಣದ ನೆರವು ಕೊಟ್ಟರು. ಅದರಿಂದ 1848ರಿಂದ 1853ರೊಳಗೆ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಗ್ರಂಥಮಾಲೆ ಹೊರಬಂದಿತು. ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ಚನ್ನಬಸವಪುರಾಣ, ಕನ್ನಡದ ಗಾದೆಗಳು, ಅವುಗಳೊಂದಿಗೆ ದಾಸರ ಪದಗಳು. ಒಂದೇ ಮಾಲೆಯಲ್ಲಿ ವೀರಶೈವ ಪುರಾಣವೂ ವೈಷ್ಣವ ಪದಗಳೂ ಕುಳಿತಿರುವುದನ್ನು ಗಮನಿಸಬೇಕು. ಆಗಿನ ನಮ್ಮ ವಿದ್ವಾಂಸರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದ್ದರೆ ತಮ್ಮ ತಮ್ಮ ಮತದ ಗ್ರಂಥಗಳನ್ನೇ ಆರಿಸುತ್ತಿದ್ದರೋ ಏನೋ. ಹೊರಗಿನವರಾದ ಮೊಗ್ಲಿಂಗರಿಗೆ ಆ ಭೇದ ಇರಲಿಲ್ಲ.

ಇದರ ಹಿಂದೆ ಉಪಯೋಗದ ದೃಷ್ಟಿಯೂ ಇತ್ತು. ಈ ಜನರಿಗೆ ಬೋಧಿಸಬೇಕಾದರೆ ಇವರು ಏನನ್ನು ಹಾಡುತ್ತಾರೆ, ಯಾವುದಕ್ಕೆ ಕಣ್ಣೀರಿಡುತ್ತಾರೆ ಎಂಬುದನ್ನು ಮಿಶನರಿ ತಿಳಿಯಬೇಕು. ಅಷ್ಟಕ್ಕೇ ಆದರೆ ಕೆಲವು ಟಿಪ್ಪಣಿಗಳು ಸಾಕಾಗಿದ್ದವು. ಆದರೆ ಸ್ವದೇಶಕ್ಕೆ ಮರಳಿದ ಮೇಲೆ, ಇನ್ನು ಯಾರಿಗೂ ಕನ್ನಡದಲ್ಲಿ ಬೋಧಿಸಬೇಕಾಗಿಲ್ಲದ ಕಾಲದಲ್ಲಿಯೂ, ಇವೇ ಪದಗಳಲ್ಲಿ ಕೆಲವನ್ನು ಅವರು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪ್ರಾಚ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಪುರಂದರ ಕನಕರು ಅವರ ಮನಸ್ಸಿನಲ್ಲಿ ಎಲ್ಲಿಯೋ ನೆಲೆನಿಂತಿದ್ದರೆಂದು ಇದರಿಂದ ನಾನು ಊಹಿಸುತ್ತೇನೆ.

1853ರಲ್ಲಿ ಅವರು ಮಂಗಳೂರನ್ನು ಬಿಟ್ಟರು. ಅಲ್ಮಂಡ ಸೋಮಯ್ಯ ಎಂಬ ಕೊಡವರು ದೀಕ್ಷೆ ಬೇಡಿ ಬಂದಿದ್ದರು. ಅವರೊಡನೆ ಮೊಗ್ಲಿಂಗರು ಘಟ್ಟ ಹತ್ತಿ ಕೊಡಗಿಗೆ ಹೋದರು. ಅಲ್ಲಿ ಜೀತದಲ್ಲಿ ನವೆಯುತ್ತಿದ್ದ ಕುಟುಂಬಗಳನ್ನು ಕೂಡಿಸಿ ಹೊಸ ಹಳ್ಳಿಯೊಂದನ್ನು ಕಟ್ಟಿದರು. ತಮ್ಮ ಶಿಷ್ಯ ಆನಂದರಾಯರ ನೆನಪಿಗೆ ಅದು ಆನಂದಪುರವಾಯಿತು. 1855ರಲ್ಲಿ ಕೊಡಗಿನ ಇತಿಹಾಸವನ್ನು ಕುರಿತ ಅವರ ಇಂಗ್ಲೀಷ್ ಗ್ರಂಥ ಹೊರಬಂದಿತು. ಅದೇ ವರ್ಷ ಅವರ ಆಪ್ತರಾದ, ಕನ್ನಡ ಬೈಬಲಿನ ಪರಿಷ್ಕರಣಕ್ಕೆ ದುಡಿದ ವೈಗ್ಲೆಯವರು ತೀರಿಕೊಂಡರು. ಅವರ ವಿಧವೆ ಪೌಲೀನೆಯವರನ್ನು ಮೊಗ್ಲಿಂಗರು ಮುಂದೆ ವರಿಸಿದರು. 1858ರಲ್ಲಿ ಟ್ಯುಬಿಂಗೆನ್ ವಿಶ್ವವಿದ್ಯಾಲಯವು ಅವರ ಕನ್ನಡಸೇವೆಗಾಗಿ ಡಾಕ್ಟರೇಟ್ ಗೌರವವನ್ನಿತ್ತಿತು. ಕನ್ನಡದ ಕೆಲಸಕ್ಕೆಂದು ಇಂಥ ಗೌರವ ಪಡೆದವರಲ್ಲಿ ಅವರೇ ಮೊದಲಿಗರು.

ಉಡುಪಿಯಲ್ಲಿ ಮಿಶನ್ನಿನ ಠಾಣ್ಯ ತೆರೆದದ್ದು 1854ರಲ್ಲಿ. ಅಷ್ಟರಲ್ಲಿ ಮೊಗ್ಲಿಂಗರು ಕೊಡಗಿನವರಾಗಿದ್ದರು. ಆದರೆ ಬಲ್ಮಠದ ಅಚ್ಚುಕೂಟದ ಫಲ ನಮ್ಮ ಊರುಗಳಿಗೂ ಹರಿಯಿತು. ತುಳುವನ್ನು ಕನ್ನಡಲಿಪಿಯಲ್ಲಿ ಅಚ್ಚು ಹಾಕುವ ಪದ್ಧತಿ ಅಲ್ಲಿಯದು. ಮಾನ್ನರ್ ಅವರ ತುಳು ನಿಘಂಟು 1886ರಲ್ಲಿ ಅಲ್ಲಿಂದಲೇ ಹೊರಬಂದಿತು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದವರು ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ ಕವಿ. ತಾನು ಬರೆದುದಕ್ಕೆ ತನ್ನ ಹೆಸರು ಹಾಕಲು ಅಂಜಿದ ಆ ಬಡ ಮೇಷ್ಟರಿಗೆ ಅನ್ನ ಕೊಟ್ಟದ್ದು ಮಿಶನ್ ಶಾಲೆ ಎಂಬುದು ನಮ್ಮ ಕನ್ನಡ ಅಧ್ಯಾಪಕರಿಗೆ ಗೊತ್ತು. ವಿಜ್ಞಾನ, ವಾಣಿಜ್ಯ ಓದುವ ಮಿತ್ರರಿಗಾಗಿ ಇಲ್ಲಿ ಹೇಳಿದ್ದೇನೆ.

1860ರಲ್ಲಿ ಪತ್ನಿಯ ಅನಾರೋಗ್ಯದ ನಿಮಿತ್ತ ಮೊಗ್ಲಿಂಗರು ಜರ್ಮನಿಗೆ ಹೊರಟರು. ಮತ್ತೆ ಹಿಂದಿರುಗಲಾಗಲಿಲ್ಲ. ಇಪ್ಪತ್ತನಾಲ್ಕು ವರ್ಷ ಈ ನೆಲದ ಮಳೆ ಬಿಸಿಲು ಕಂಡವರು ಮುಂದಿನ ಇಪ್ಪತ್ತೊಂದು ವರ್ಷಗಳನ್ನು ಅಲ್ಲಿ ಕಳೆದರು. ಕೊಡಗನ್ನು ಕುರಿತು ಜರ್ಮನ್ ಭಾಷೆಯಲ್ಲಿ ಮತ್ತೊಂದು ಪುಸ್ತಕವನ್ನು ವೈಟ್‌ಬ್ರೆಕ್ಟ್ ಎಂಬವರ ಜೊತೆಗೂಡಿ 1866ರಲ್ಲಿ ಹೊರತಂದರು. ಯಾವುದಕ್ಕಾಗಿ ಹಡಗು ಹತ್ತಿದ್ದರೋ ಅದರಲ್ಲಿ ಅವರ ಕೈಗೂಡಿದ್ದು ಸ್ವಲ್ಪ. ಕನ್ನಡನಾಡು ಕ್ರೈಸ್ತವಾಗಲಿಲ್ಲ, ಬಿಳಿಯರೂ ಕರಿಯರೂ ಒಂದೇ ಮನೆಯಲ್ಲಿ ಬಾಳುವ ಕನಸು ಮಿಶನ್ನಿನೊಳಗೇ ಸೋತಿತು. ನಡುನಡುವೆ ಬಿಡುವಿನಲ್ಲಿ ಮಾಡಿದ ಅಚ್ಚಿನ ಕೆಲಸವೊಂದೇ ನಿಂತಿತು, ಅದೂ ಯಾರ ದೇವರನ್ನು ಅವರು ಒಪ್ಪಲಿಲ್ಲವೋ ಅವರ ಭಜನೆಗೆ ಒದಗಿ.

1881ನೆಯ ಮೇ 10ರಂದು ಎಸ್‌ಲಿಂಗೆನ್ ಎಂಬ ಊರಿನಲ್ಲಿ ಮೊಗ್ಲಿಂಗರು ಕಾಲವಾದರು. ಎಪ್ಪತ್ತು ತುಂಬಲು ಹತ್ತೊಂಬತ್ತು ದಿನ ಉಳಿದಿದ್ದವು. ಆನಂದರಾವ್ ಕೌಂಡಿನ್ಯರು 1893ರವರೆಗೆ ಬದುಕಿದ್ದರು. ಓದಿನ ದಿನಗಳ ಗೆಳೆಯ ಗುಂಡರ್ಟರು ಮರುವರ್ಷ, 1882ರಲ್ಲಿ, ಮೊಗ್ಲಿಂಗರ ಜೀವನಚರಿತ್ರೆಯನ್ನು ಬರೆದು ಪ್ರಕಟಿಸಿದರು. ಅದು ಜರ್ಮನ್ ಭಾಷೆಯಲ್ಲಿದೆ.