ಚಾರ್ಲ್ಸ್ ಪರ್ಕಿನ್ಸ್: ತಾನು ಕಲಿತು ತನ್ನವರಿಗೆ ದಾರಿ ತೆರೆದವರು

ಆಸ್ಟ್ರೇಲಿಯಾದ ಮೂಲನಿವಾಸಿಗಳ ನಾಯಕ ಚಾರ್ಲ್ಸ್ ಪರ್ಕಿನ್ಸ್ 1936ರ ಜೂನ್ 16ರಂದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಾಯಿ ಹೆಟ್ಟಿಯವರಿಂದ ದೂರವಾಗಿ, ಅಡಿಲೇಡ್‌ನಲ್ಲಿ ಆಂಗ್ಲಿಕನ್ ಗುರುಗಳೊಬ್ಬರು ನಡೆಸುತ್ತಿದ್ದ ಬಾಲಕರ ನಿಲಯದಲ್ಲಿ ಬೆಳೆದರು. ಶಾಲೆ ಬಿಟ್ಟ ಮೇಲೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ ಕಲಿತರು.

ಆದರೂ ಓದಿನ ಹಂಬಲ ಅವರನ್ನು ಬಿಡಲಿಲ್ಲ. ಫುಟ್ಬಾಲ್ ಆಡಿ ಗಳಿಸಿದ ಹಣದಿಂದ ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಓದಿದರು. 1965ರ ಫೆಬ್ರವರಿಯಲ್ಲಿ ಸಹವಿದ್ಯಾರ್ಥಿಗಳೊಡನೆ ಬಸ್ಸಿನಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಊರೂರು ಸುತ್ತಿ, ಅಲ್ಲಿನ ವರ್ಣಭೇದವನ್ನು ಬಯಲಿಗೆಳೆದರು. ಮೋರೀ ಪಟ್ಟಣದ ಈಜುಕೊಳಕ್ಕೆ ಮೂಲನಿವಾಸಿ ಮಕ್ಕಳಿಗೆ ಮುಕ್ತ ಪ್ರವೇಶವಿರಲಿಲ್ಲ. ಪರ್ಕಿನ್ಸ್ ಆ ಮಕ್ಕಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತರು. ಜನರು ಮೊಟ್ಟೆ, ಟೊಮೆಟೊ ಎಸೆದರೂ ವಿದ್ಯಾರ್ಥಿಗಳು ಕದಲಲಿಲ್ಲ.

1966ರಲ್ಲಿ ಪದವಿ ಪಡೆದ ಅವರು ಅದನ್ನು ತಮ್ಮ ಏಳಿಗೆಗಷ್ಟೇ ಬಳಸಲಿಲ್ಲ. ಸಿಡ್ನಿಯಲ್ಲಿ ಮೂಲನಿವಾಸಿಗಳ ಸೇವಾಸಂಸ್ಥೆಯೊಂದರ ವ್ಯವಸ್ಥಾಪಕರಾಗಿ, ಹಳ್ಳಿಗಳಿಂದ ನಗರಕ್ಕೆ ಬಂದ ತಮ್ಮವರಿಗೆ ಉದ್ಯೋಗ ಹಾಗೂ ವಸತಿ ಒದಗಿಸಲು ಶ್ರಮಿಸಿದರು. 1984ರಲ್ಲಿ ಮೂಲನಿವಾಸಿ ವ್ಯವಹಾರಗಳ ಇಲಾಖೆಯ ಕಾರ್ಯದರ್ಶಿಯಾದರು. ಆಸ್ಟ್ರೇಲಿಯಾದ ಕೇಂದ್ರ ಸರಕಾರದಲ್ಲಿ ಈ ಹುದ್ದೆಗೇರಿದ ಮೊದಲ ಮೂಲನಿವಾಸಿ ಅವರೇ.

2000ದ ಅಕ್ಟೋಬರ್‌ನಲ್ಲಿ ಅವರು ನಿಧನರಾದರು. ಅವರ ಹೆಸರಿನ ವಿದ್ಯಾರ್ಥಿವೇತನದ ನೆರವಿನಿಂದ ಮೂಲನಿವಾಸಿ ಯುವಜನರು ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳಲ್ಲಿ ಉನ್ನತ ಶಿಕ್ಷಣ ಪಡೆದಿದ್ದಾರೆ. ಒಬ್ಬರ ಓದು ಇಡೀ ಸಮುದಾಯದ ಆಸ್ತಿಯಾಗಬಲ್ಲದು ಎಂಬುದಕ್ಕೆ ಅವರ ಬಾಳು ಸಾಕ್ಷಿ.